ಗಂಡನಿಗೆ ವ್ಯಾಸೆಕ್ಟಮಿ (ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಆಪರೇಷನ್) ಆಗಿ ಐದು ವಾರವಾಗಿದೆ, ಗರ್ಭಕೋಶದಲ್ಲಿರುವ ಕಾಪರ್-ಟಿ ತೆಗೆಸಿ ಗರ್ಭನಿರೋಧಕ ಮಾತ್ರೆಗೆ ಬದಲಾಗಲೇ?

ನಾನು ಕಾಪರ್-ಟಿ ತೆಗೆಸಿದ್ದು ಆಪರೇಷನ್ ಆದ ಆರನೆಯ ವಾರದಲ್ಲಿ, ಆರು ವರ್ಷಗಳ ಹಿಂದೆ. ಮಾತ್ರೆಯನ್ನೂ ನುಂಗಲಿಲ್ಲ.

ನಮ್ಮ ಯಜಮಾನರಿಗೆ ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿ (ಚಾಕುವಿನಿಂದ ಚರ್ಮ ಕೊಯ್ಯದೆ ಸಣ್ಣ ತೂತಿನ ಮೂಲಕ ಮಾಡುವುದು) ಆಗಿತ್ತು. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ನಿರೋಧ್ ಬಳಸಬೇಕು ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಚೀಟಿಯನ್ನು ಮಡಚಿ ಬೀರುವಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟವಳು ನಾನೇ. ವೀರ್ಯಾಣುಗಳು ಬರುವ ನಾಳವನ್ನೇ ಕತ್ತರಿಸಿದ ಮೇಲೆ ಇನ್ನೇನು ಬರುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಕತ್ತರಿಸುವುದು ವೃಷಣದ ಸಮೀಪ. ಅದರಿಂದಾಚೆ ನಾಳದಲ್ಲಿ ಮೊದಲೇ ಸೇರಿಕೊಂಡಿರುವ ವೀರ್ಯಾಣುಗಳು, ಮೋಟಾರ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ನಿಂತ ನೀರು ಬರುವಂತೆ, ವಾರಗಟ್ಟಲೆ ಬರುತ್ತಲೇ ಇರುತ್ತವೆ. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳಲ್ಲಿ ಉತ್ಪತ್ತಿಯಾಗುವುದರಿಂದ ನೋಡಲು ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾರೂ ಹೇಳಲಾರರು, ಆಪರೇಷನ್ ಮಾಡಿದ ವೈದ್ಯರೂ ಸಹ.

ನನ್ನ ಮುಟ್ಟು ನಿಂತಾಗ ಅತ್ತೆಯವರು ಏನೂ ಕೇಳಲಿಲ್ಲ. ಮೂರು ದಿನ ನಾನು ಮಾಡಿದ ಕಾಫಿಯನ್ನು ಮುಟ್ಟಲಿಲ್ಲ, ಅಷ್ಟೇ. ಕೊನೆಗೆ ಯಜಮಾನರು ಪರೀಕ್ಷೆಗೆ ಹೋದರು. ವೀರ್ಯಾಣುಗಳು ಇನ್ನೂ ಇದ್ದವು. ಆ ವರದಿಯನ್ನು ಅವರೇ ತಮ್ಮ ತಾಯಿಗೆ ಓದಿ ಹೇಳಿದರು. ಗರ್ಭನಿರೋಧಕ ವಿಫಲವಾದಾಗ ಗರ್ಭಪಾತಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿದೆ, ನಾನು ಗರ್ಭದ ಏಳನೆಯ ವಾರದಲ್ಲಿ ಮಾಡಿಸಿಕೊಂಡೆ.

ಆದ್ದರಿಂದ ಕಾಪರ್-ಟಿಯೋ ಮಾತ್ರೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಗ ಬಾಕಿಯಿರುವುದು ನಿಮ್ಮ ಕೆಲಸವಲ್ಲ, ನಿಮ್ಮವರದು. 380ಎ ಮಾದರಿಯ ಕಾಪರ್-ಟಿ 10 ವರ್ಷ ಕೆಲಸ ಮಾಡುತ್ತದೆ, ತೊಂದರೆ ಕೊಡದಿದ್ದರೆ ಇನ್ನೆರಡು ತಿಂಗಳು ಇರಲಿ. ವರದಿಯಲ್ಲಿ ವೀರ್ಯಾಣುಗಳಿಲ್ಲ ಎಂಬುದನ್ನು ನೀವೇ ಓದಿದ ಮೇಲೆ ತೆಗೆಸಿ. ನಿರೋಧ್ ಇನ್ನು ಯಾವತ್ತೂ ಬೇಡವಲ್ಲ ಎಂದೂ ಬರೆದಿದ್ದೀರಿ. ವ್ಯಾಸೆಕ್ಟಮಿ ತಡೆಯುವುದು ಗರ್ಭವನ್ನು ಮಾತ್ರ. ಎಚ್‌ಐವಿ, ಸಿಫಿಲಿಸ್‌ಗಳನ್ನು ಅದು ತಡೆಯುವುದಿಲ್ಲ, ಇಬ್ಬರಲ್ಲಿ ಯಾರಿಗಾದರೂ ಸೋಂಕಿನ ಸಂಶಯವಿದ್ದರೆ ನಿರೋಧ್ ಬೇಕೇ ಬೇಕು.

ಲ್ಯಾಬಿನಲ್ಲಿ ಮಾದರಿ ಕೊಡಲು ಅವರಿಗೆ ಸಂಕೋಚವಾಗಬಹುದು. ಲ್ಯಾಬಿನವರನ್ನು ಕೇಳಿ ಅವರ ಡಬ್ಬಿಯನ್ನೇ ತಂದು, ಮನೆಯಲ್ಲಿ ಸಂಗ್ರಹಿಸಿ, ಒಂದು ಗಂಟೆಯೊಳಗೆ ತಲುಪಿಸಬಹುದು. ಎರಡನೆಯ ಸಲ ನಮ್ಮ ಯಜಮಾನರು ಅದನ್ನು ತಣ್ಣಗಾಗದಂತೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಹೋದರು.