ತಾರು ಬಾರದೆ ನಂಬಬೇಡ, ತಂಗಿ

ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯಿದ್ದ ಅಜ್ಜಿಯೊಬ್ಬರ, ಅವರನ್ನು ನೋಡಿಕೊಂಡ ಮೊಮ್ಮಗಳ ಪ್ರಕರಣವಿದು. ಬರೆಯಲು ಒಪ್ಪಿಗೆ ಕೊಟ್ಟವಳು ಆ ಮೊಮ್ಮಗಳೇ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕಾರವಾರದಿಂದ ಕುಮಟಾದವರೆಗಿನ ಕರಾವಳಿಯಲ್ಲಿ ಮಿಲಿಟರಿಗೆ ಮಗನನ್ನು ಕಳಿಸಿದ ಮನೆಗಳು ಕಡಿಮೆಯಿಲ್ಲ. ಅಂಥ ಮನೆಗಳ ಹಿರಿಯ ಹೆಂಗಸರಿಗೆ ಅಲ್ಝೈಮರ್ ಬಂದಾಗ, ಅವರು ತೀರಿಕೊಂಡ ಮೇಲೂ, ಮಕ್ಕಳು ಮೊಮ್ಮಕ್ಕಳು ಸಮಾಲೋಚನೆಗೆಂದು ನನ್ನಲ್ಲಿಗೆ ಬರುತ್ತಾರೆ. ಏನೇನೋ ಹೇಳಿ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಕೊನೆಗಾಲದಲ್ಲಿ ಅವರಿಗೆ ಸುಳ್ಳು ಹೇಳಿದೆವು, ಇಲ್ಲವೇ ನಿಜ ಹೇಳಿ ನೋಯಿಸಿದೆವು.

ಇವಳದು ಎರಡನೆಯದು. ವಯಸ್ಸು ಇಪ್ಪತ್ತೊಂಬತ್ತು. ಅಂಕೋಲೆಯ ಹತ್ತಿರದ ಹಳ್ಳಿ. 2020ರಲ್ಲಿ ಕಚೇರಿ ಮುಚ್ಚಿದಾಗ ಬೆಂಗಳೂರಿನಿಂದ ಊರಿಗೆ ಬಂದವಳು ಅಜ್ಜಿಯ ಆರೈಕೆಗೆಂದು ಅಲ್ಲಿಯೇ ಉಳಿದಳು. ಅಜ್ಜ ಭೂಸೇನೆಯಲ್ಲಿದ್ದು ನಿವೃತ್ತರಾಗಿ, ಊರಿನಲ್ಲಿಯೇ ತೀರಿಕೊಂಡಿದ್ದರು. ಅಜ್ಜಿಯ ಮರೆವನ್ನು ಮನೆಯವರು ಮೊದಲೆರಡು ವರ್ಷ 'ಅರಳು ಮರಳು' ಎಂದು ಬಿಟ್ಟುಬಿಟ್ಟರು. ಈ ಎರಡು ಪದಗಳ ಮೇಲೆ ನನಗೆ ಸಿಟ್ಟಿದೆ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯೂ ಇದೆ. ಅಲ್ಝೈಮರ್ ಆಗಿದ್ದರೆ ಅದನ್ನು ವಾಸಿ ಮಾಡುವ ಔಷಧಿ ಇಲ್ಲವಾದರೂ ಡೊನೆಪೆಜಿಲ್‌ನಂಥವು ಕೆಲವರಿಗೆ ಕೆಲವು ಕಾಲ ಆಸರೆಯಾಗುತ್ತವೆ. 'ಅರಳು ಮರಳು' ಎಂದವರು ವೈದ್ಯರ ಬಾಗಿಲು ತಟ್ಟುವುದಿಲ್ಲ.

ಅಜ್ಜಿ ತೀರಿಕೊಂಡು ನಾಲ್ಕು ತಿಂಗಳಾದಾಗ ಅವಳು ಬಂದಳು. ವರ್ಷಾಂತಿಕಕ್ಕೆ ಒಂದು ಪುಟ ಬರೆದು ಓದಬೇಕೆಂದು ದೊಡ್ಡಪ್ಪ ಈಗಿನಿಂದಲೇ ಹೇಳಿದ್ದರಂತೆ. "ಫೋಟೋ ನೋಡಿದರೆ ಡಯಾಪರ್ ನೆನಪಾಗುತ್ತದೆ, ಮೇಡಂ. ಬಾಲ್ಯದಲ್ಲಿ ಮುರುಗಲು ಸಿಪ್ಪೆ ಒಣಗಿಸುತ್ತಿದ್ದ ಅಜ್ಜಿ ಎಲ್ಲಿ ಹೋದರು?" ಎಂದಳು. ಬಂದವರೆಲ್ಲ 'ಬಿಡುಗಡೆ ಆಯಿತು ಬಿಡು' ಎಂದು ಹೇಳಿ ಹೋಗಿದ್ದರು. ಯಾರ ಬಿಡುಗಡೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ.

ಮೊದಲ ಮೂರು ಭೇಟಿಗಳಲ್ಲಿ ಒಂದು ಸಂಜೆಯ ಕತೆಯನ್ನೇ ಮೂರು ಸಲ ಹೇಳಿದಳು, ಮೂರು ಸಲವೂ ಒಂದೇ ಜಾಗದಲ್ಲಿ ನಿಲ್ಲಿಸಿದಳು. ಹೊತ್ತು ಇಳಿಯುತ್ತಿದ್ದಂತೆ ಅಜ್ಜಿ ದಣಪೆಯ, ಅಂದರೆ ಬೇಲಿ ಬಾಗಿಲಿನ, ಬಳಿ ಹೋಗಿ ನಿಲ್ಲುತ್ತಿದ್ದರು. "ಹುಬ್ಬಳ್ಳಿ ಬಸ್ಸು ಬಂತೇ?" ಎಂದು ಕೇಳುತ್ತಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ರಜೆಯ ಮೇಲೆ ಬರುವ ಸೈನಿಕರು ಹುಬ್ಬಳ್ಳಿಯಲ್ಲಿ ರೈಲು ಇಳಿದು, ಅರಬೈಲು ಘಟ್ಟದ ಬಸ್ಸಿನಲ್ಲಿ ಕರಾವಳಿಗೆ ಇಳಿಯುತ್ತಿದ್ದರು. ಹೊಸ ನೆನಪನ್ನು ಕಟ್ಟಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಈ ಕಾಯಿಲೆ ಬಹಳ ಬೇಗ ಕೈ ಹಾಕುತ್ತದೆ. ಹಾಗಾಗಿ ಈಚಿನದು ಮೊದಲು ಹೋಗುತ್ತದೆ, ಹಳೆಯದು ತಡವಾಗಿ. ಅಜ್ಜಿಯ ಲೋಕದಿಂದ ರೈಲು ನಿಲ್ದಾಣವೂ ಗಂಡನ ಸಾವೂ ಅಳಿಸಿಹೋಗಿದ್ದವು. ಬಸ್ಸು ಉಳಿದಿತ್ತು.

ಆ ಸಂಜೆ ಮಳೆ. ದಿನವಿಡೀ ಆರೈಕೆ ಮಾಡಿ ದಣಿದಿದ್ದಳು. ಇಪ್ಪತ್ತನೆಯ ಸಲವೋ ಏನೋ ಅದೇ ಪ್ರಶ್ನೆ ಬಂದಾಗ ಕಿರುಚಿದಳು: "ಅಜ್ಜ ಸತ್ತು ಒಂಬತ್ತು ವರ್ಷ ಆಯಿತು! ಯಾವ ಬಸ್ಸೂ ಬರುವುದಿಲ್ಲ!"

ಇಲ್ಲಿಗೆ ನಿಲ್ಲಿಸುತ್ತಿದ್ದಳು. ನಾಲ್ಕನೆಯ ಭೇಟಿಯಲ್ಲಿ ನಾನು ಕೇಳಿದೆ, "ಆಮೇಲೆ ಅಜ್ಜಿ ಏನು ಮಾಡಿದರು?"

ಬಹಳ ಹೊತ್ತು ಸುಮ್ಮನಿದ್ದಳು. ಅದನ್ನು ಇದುವರೆಗೆ ಯಾರೂ ಕೇಳಿಲ್ಲ ಎಂದಳು.

"ಅವರು ಅಳಲಿಲ್ಲ. ಅತ್ತವಳು ನಾನು. ಹತ್ತಿರ ಬಂದು ಸೆರಗಿನಿಂದ ನನ್ನ ಮುಖ ಒರೆಸಿದರು. ಕೈ ಹಿಡಿದು ನೋಡಿ, 'ಬಳೆ ಏಕೆ ತೆಗೆದೆ?' ಎಂದು ಗದರಿದರು. ನಾನು ಬಳೆ ಹಾಕುವವಳೇ ಅಲ್ಲ. 'ಯಾರು ಹೇಳಿದರು ನಿನಗೆ? ಬಾಯಿ ಸುದ್ದಿ ನಂಬಬೇಡ, ತಂಗಿ. ತಾರು ಬಂದಿದೆಯೇ? ತಾರು ಬರಲಿಲ್ಲ ಎಂದರೆ ಇದ್ದಾರೆ ಎಂದೇ ಲೆಕ್ಕ. ಏಳು, ಒಲೆ ಹಚ್ಚು' ಎಂದರು." ತಾರು ಎಂದರೆ ಟೆಲಿಗ್ರಾಂ.

"ನಿಮ್ಮನ್ನು ಯಾರೆಂದು ತಿಳಿದುಕೊಂಡಿದ್ದರು?"

"ಗೊತ್ತಿಲ್ಲ. ತಂಗಿ ಎಂದರು. ನಮ್ಮ ಕಡೆ ಎಲ್ಲ ಹುಡುಗಿಯರನ್ನೂ ತಂಗಿ ಎಂದೇ ಕರೆಯುತ್ತಾರಲ್ಲ."

ಇಷ್ಟು ಹೇಳಿ ಅವಳು ನನ್ನನ್ನು ಕೇಳಿದಳು: "ಬೆಳಿಗ್ಗೆ ಎಲ್ಲ ಮರೆತಿದ್ದರು. ಹಾಗಾದರೆ ಅವರಿಗೆ ನೋವಾಗಿರಲಿಕ್ಕಿಲ್ಲ, ಅಲ್ಲವೇ?"

ಹೌದು ಎಂದುಬಿಟ್ಟಿದ್ದರೆ ಅವಳು ಅಂದೇ ಹಗುರಾಗಿ ಹೋಗುತ್ತಿದ್ದಳೇನೋ. ನಾನು ಹೇಳಲಿಲ್ಲ. ಘಟನೆ ಮರೆತುಹೋದ ಮೇಲೂ ಅದು ಎಬ್ಬಿಸಿದ ಭಾವ ಅಂಥವರಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಏಕೆ ಎದೆ ಭಾರವಾಗಿದೆ ಎಂದು ತಿಳಿಯದೆಯೇ ಅವರು ಭಾರ ಹೊತ್ತಿರುತ್ತಾರೆ. ಇದನ್ನೇ ಹೇಳಿದೆ. ನೋವಾಗಿರಬಹುದು ಎಂದೆ. ಆದರೆ ನೀವು ಹೇಳಿದ್ದು ಕತೆಯ ಅರ್ಧ. ಉಳಿದರ್ಧದಲ್ಲಿ ನಿಮ್ಮ ಅಜ್ಜಿ ಎದ್ದುನಿಂತು ಅಳುತ್ತಿದ್ದ ಹುಡುಗಿಯೊಬ್ಬಳನ್ನು ಸಂತೈಸಿದ್ದಾರೆ. ಕಾಯಿಲೆಗೆ ಆ ಕೆಲಸ ಬರುವುದಿಲ್ಲ, ಬರುವುದು ಅವರಿಗೇ. ಅರ್ಧವನ್ನಷ್ಟೇ ಇಟ್ಟುಕೊಂಡು ನಿಮ್ಮನ್ನು ನೀವು ತೂಗುತ್ತಿದ್ದೀರಿ.

ಸಲಹೆ ಎರಡು ಕೊಟ್ಟೆ. ವರ್ಷಾಂತಿಕದ ಪುಟದಲ್ಲಿ ಆ ಸಂಜೆಯನ್ನೂ ಬರೆಯಿರಿ, ಕಿರುಚಿದ್ದನ್ನೂ ಸೇರಿಸಿ. ಮತ್ತು ಆ ತಾರಿನ ಮಾತು ಎಲ್ಲಿಂದ ಬಂತೆಂದು ಅತ್ತೆಯನ್ನೋ ಅಜ್ಜಿಯ ಓರಗೆಯವರನ್ನೋ ಕೇಳಿ ತಿಳಿದುಕೊಳ್ಳಿ.

ದೊಡ್ಡಪ್ಪನಿಗೆ ಬೇಕಾಗಿದ್ದದ್ದು 'ಯೋಧನ ಪತ್ನಿ, ತ್ಯಾಗಮಯಿ' ಎಂಬ ಎರಡು ಸಾಲು. ತ್ಯಾಗಮಯಿ ಎಂದ ಕೂಡಲೇ ಅಜ್ಜಿ ಮಾಡಿದ ಕೆಲಸ ಮರೆಯಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗಂಡ 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸದಲ್ಲಿ ಎಲ್ಲೋ ಗಡಿಯಲ್ಲಿದ್ದಾಗ ಮನಿಯಾರ್ಡರ್‌ಗೆ ಸಹಿ ಹಾಕಿ, ಮಕ್ಕಳ ಜ್ವರಕ್ಕೆ ರಾತ್ರಿ ದೋಣಿ ದಾಟಿ, ಗದ್ದೆಯ ತಕರಾರಿಗೆ ತಾನೇ ತಹಸೀಲ್ದಾರರ ಕಚೇರಿ ಹತ್ತಿದವರು ಈಕೆ. ನಿಷ್ಠೆ ಎಂದರೆ ಇದು. ದಣಪೆಯ ಬಳಿ ನಿಂತದ್ದೂ ಇದರ ಮುಂದುವರಿಕೆಯೇ.

ಅಮೆರಿಕದ ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಮನೆಯವರನ್ನು ಅಧ್ಯಯನ ಮಾಡಿದರು. ಸತ್ತ ಸುದ್ದಿ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ. ಆ ಸ್ಥಿತಿಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ 'ಅಸ್ಪಷ್ಟ ಅಗಲಿಕೆ' ಎನ್ನಬಹುದು. ಮುಂದೆ ಅದೇ ಸ್ಥಿತಿಯನ್ನು ಅವರು ಅಲ್ಝೈಮರ್ ರೋಗಿಗಳ ಮನೆಗಳಲ್ಲಿಯೂ ಕಂಡರು. ಇದನ್ನು ಹುಡುಗಿಗೆ ಹೇಳಿದಾಗ ಅವಳು ಕಣ್ಣೆತ್ತಿ ನೋಡಿದಳು. ಗಂಡ ಇದ್ದಾನೋ ಇಲ್ಲವೋ ತಿಳಿಯದೆ ಕಾದವರು ಅಜ್ಜಿ. ಎದುರಿಗೇ ಕುಳಿತ ಅಜ್ಜಿ ಇದ್ದಾರೋ ಇಲ್ಲವೋ ತಿಳಿಯದೆ ಕಾದವಳು ಇವಳು.

ಇಂಥ ಪ್ರಕರಣಗಳನ್ನು ಹೇಳಿದಾಗೆಲ್ಲ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸುತ್ತಾರೆ, ನೀವು ಸುಳ್ಳು ಹೇಳಲು ಕಲಿಸುತ್ತೀರಿ ಎಂದು. 'ಅಜ್ಜ ನಾಳೆ ಬರುತ್ತಾರೆ' ಎಂದು ಹೇಳಿ ಎಂದು ನಾನು ಯಾರಿಗೂ ಹೇಳಿಲ್ಲ. 'ಬಸ್ಸು ಇಳಿದ ಕೂಡಲೇ ಅವರು ಮೊದಲು ಏನು ಕೇಳುತ್ತಿದ್ದರು?' ಎಂದು ಅವರನ್ನೇ ಕೇಳಿ, ಮಾತು ಬೆಳೆಸಿ, ಕತ್ತಲಾಗುವ ಮೊದಲೇ ದೀಪ ಹಚ್ಚಿ, ಕೈ ಹಿಡಿದು ಒಳಗೆ ಕರೆತನ್ನಿ ಎನ್ನುತ್ತೇನೆ. ಕಾಯಿಲೆಯ ಆರಂಭದಲ್ಲಿ ಅವರೇ ನೇರವಾಗಿ ಕೇಳಿದರೆ ನಿಜ ಹೇಳಬೇಕು. ಉಳಿಸಿಕೊಳ್ಳಲಾಗದ ಮನಸ್ಸಿಗೆ ದಿನವೂ ಅದನ್ನು ಹೇಳುವುದೆಂದರೆ ಒಬ್ಬಳನ್ನೇ ದಿನವೂ ವಿಧವೆ ಮಾಡಿದಂತೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅತ್ತೆಯಿಂದ ಉತ್ತರ ಸಿಕ್ಕಿತು. 1971ರ ಡಿಸೆಂಬರ್ 3ರಿಂದ 16ರವರೆಗೆ ಯುದ್ಧ ನಡೆದಾಗ ಅಜ್ಜಿ ಬೆಳಗಾವಿಯ ಸೈನಿಕರ ಕ್ವಾರ್ಟರ್ಸಿನಲ್ಲಿದ್ದರು. ಯಾರೋ ತಂದ ಬಾಯಿಮಾತಿನ ಸುದ್ದಿ ನಂಬಿ ಪಕ್ಕದ ಮನೆಯ ಚಿಕ್ಕ ಪ್ರಾಯದವಳೊಬ್ಬಳು ಬಳೆ ಒಡೆದುಕೊಂಡಳಂತೆ. ಅವಳ ಗಂಡ ಜನವರಿಯಲ್ಲಿ ನಡೆದುಕೊಂಡೇ ಮನೆಗೆ ಬಂದ. ಅಂದಿನಿಂದ ಹೆದರಿದ ಹೆಂಗಸರಿಗೆಲ್ಲ ಅಜ್ಜಿ ಹೇಳುತ್ತಿದ್ದ ಮಾತು ಅದು. ನಮ್ಮ ದೇಶದಲ್ಲಿ ತಾರು ನಿಂತದ್ದು 2013ರ ಜುಲೈಯಲ್ಲಿ. ಅಜ್ಜಿ ಕಾಯುತ್ತಿದ್ದ ವರ್ಷಗಳಲ್ಲಿ ಅದನ್ನು ತರುವ ಆಳೇ ಇರಲಿಲ್ಲ.

ಹುಡುಗಿ ಎಲ್ಲವನ್ನೂ ಬರೆದಳು, ಓದಿದಳು. ಮರುದಿನ ದೊಡ್ಡಪ್ಪನ ಫೋನು ಬಂತು. ಮನೆಯ ಮಾತನ್ನು ಊರಿನ ಮುಂದೆ ಹರಡಿಸಿದಿರಿ ಎಂದು ಬೈದರು. ನಾನು ಕೇಳಿಸಿಕೊಂಡೆ, ಸಲಹೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಬೈದು ಮುಗಿದ ಮೇಲೆ ಅವರು ಫೋನು ಇಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ದನಿ ತಗ್ಗಿಸಿ, "ಇದು ಮಕ್ಕಳಿಗೆ ಬರುತ್ತದೆಯೇ?" ಎಂದು ಕೇಳಿದರು. ಈಚೆಗೆ ಹೆಸರುಗಳು ನೆನಪಾಗುವುದಿಲ್ಲವಂತೆ. ಹೆಂಡತಿಗೆ ಹೇಳಿಲ್ಲವಂತೆ.

ತಂದೆತಾಯಿಗೆ ಇದ್ದರೆ ಅಪಾಯ ಸ್ವಲ್ಪ ಹೆಚ್ಚುವುದು ನಿಜ, ಆದರೆ ಅರವತ್ತೈದರ ನಂತರ ಶುರುವಾಗುವ ಅಲ್ಝೈಮರ್ ಬಹುಪಾಲು ನೇರವಾಗಿ ವಂಶದಲ್ಲಿ ಇಳಿದು ಬರುವಂಥದಲ್ಲ ಎಂದೆ. ರಕ್ತದೊತ್ತಡ, ಸಕ್ಕರೆ, ಕಿವಿ ಎಲ್ಲವನ್ನೂ ತೋರಿಸಿಕೊಳ್ಳಿ, ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿಕೊಂಡು ವರದಿ ತನ್ನಿ ಎಂದೆ. ಬುಧವಾರ ಬರುತ್ತೇನೆ ಎಂದಿದ್ದಾರೆ. ಜೊತೆಗೆ ಆ ಹುಡುಗಿಯೂ ಬರುತ್ತಾಳಂತೆ.