ಚಿಕ್ಕಬಳ್ಳಾಪುರ–ಕೋಲಾರ ರೈಲು ಲೈನಿನ ಮಾಡೆಲ್‌ಗೆ ಹತ್ತಡಿ ರೂಮು ಸಾಕಾ?

ಹತ್ತಡಿ ರೂಮು, ಚಿಂತಾಮಣಿ, ಶ್ರೀನಿವಾಸಪುರ ಸೇರಿ ಕೋಲಾರದವರೆಗೆ ಎಲ್ಲಾ ಸ್ಟೇಷನ್ನೂ ಬೇಕು, ಹಿಂದೆ ನಂದಿ ಬೆಟ್ಟವೂ ಇರಬೇಕು, ಎನ್ ಸ್ಕೇಲಾ ಎಚ್‌ಓ ಸ್ಕೇಲಾ ಅಂತ ಕೇಳಿದ್ದೀರಿ. (ಎರಡೂ ಮಾಡೆಲ್ ರೈಲಿನ ಅಳತೆಗಳು. ಎಚ್‌ಓ ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು, ಎನ್ ಅದಕ್ಕಿಂತ ಚಿಕ್ಕದು.) ಆರು ವರ್ಷದ ಹಿಂದೆ ನನಗೂ ಇದೇ ಆಸೆ ಇತ್ತು.

ನಮ್ಮದು ಚಿಕ್ಕಬಳ್ಳಾಪುರ. ಅಪ್ಪ ಹುಡುಗರಾಗಿದ್ದಾಗ ನ್ಯಾರೋಗೇಜ್ (ಕಿರಿದಾದ ಹಳಿಯ) ಗಾಡಿಯಲ್ಲಿ ಚಿಂತಾಮಣಿಗೆ, ಅವರಜ್ಜಿ ಮನೆಗೆ ಹೋಗುತ್ತಿದ್ದರು. ಆ ಗಾಡಿ ಅವರ ಕಣ್ಣ ಮುಂದೆ ಇನ್ನೊಮ್ಮೆ ಓಡಬೇಕು ಅಂತ ಶುರು ಮಾಡಿದೆ. ಮಹಡಿ ರೂಮಿನ ಮೂಲೆಗೆ 8x4 ಅಡಿ ಪ್ಲೈವುಡ್ ಶೀಟನ್ನು ಇಡಿಯಾಗಿ ಒತ್ತಿ ಇಟ್ಟೆ. ಎರಡು ಕಡೆ ಗೋಡೆ. ಹಿಂಭಾಗದಲ್ಲಿ ಥರ್ಮಕೋಲ್ ಮೇಲೆ ಪಿಓಪಿ ಬಳಿದು ಎರಡಡಿ ಎತ್ತರದ ನಂದಿ ಬೆಟ್ಟ. ಹಳಿ ಬೆಟ್ಟದ ಹಿಂದೆ ಸುತ್ತಿ ಮತ್ತೆ ಮುಂದೆ ಬರಬೇಕು.

ನಾನು ಸೋತಿದ್ದು ಅಲ್ಲೇ. ಕೈ ಚಾಚಿದರೆ ಸಿಗೋದು ಎರಡೂವರೆ ಅಡಿ. ಬೋರ್ಡ್ ನಾಲ್ಕು ಅಡಿ. ಹಿಂದಿನ ಒಂದೂವರೆ ಅಡಿಗೆ ಕೈ ಎಟುಕಲ್ಲ. ಗಾಡಿ ಹಳಿ ತಪ್ಪೋದು ಮಾತ್ರ ಅಲ್ಲೇ, ಯಾಕಂದರೆ ಬಿಗಿ ತಿರುವುಗಳೆಲ್ಲ ಮೂಲೆಯಲ್ಲೇ ಬರುತ್ತವೆ. ಜಾಯಿಂಟ್ ಸರಿಯಾಗಿ ಕೂತಿದೆಯಾ ಅಂತ ಬಗ್ಗಿ ನೋಡೋಕೂ ಆಗಲ್ಲ. ಧೂಳು ಒರೆಸೋಕೂ ಆಗಲ್ಲ. ಹಳಿ ಮೇಲೆ ಧೂಳು ಕೂತರೆ ಚಕ್ರಕ್ಕೆ ಕರೆಂಟ್ ಸಿಗದೆ ಎಂಜಿನ್ ನಿಂತುಬಿಡುತ್ತದೆ. ಅಪ್ಪ ದಿನಾ ಸಂಜೆ ಬಂದು ಕೂರುತ್ತಿದ್ದರು. ಗಾಡಿ ಬೆಟ್ಟದ ಹಿಂದೆ ಹೋಗುತ್ತಿತ್ತು, ಬರುತ್ತಿರಲಿಲ್ಲ. "ಗಾಡಿ ಎಲ್ಲೋಯ್ತೋ?" ಅಂತ ಕೇಳುತ್ತಿದ್ದರು. ಒಂದಿನ ಸ್ಟೂಲ್ ಹತ್ತಿ, ಬೋರ್ಡ್ ಮೇಲೆ ಬಗ್ಗಿ ಅದನ್ನು ಎತ್ತಲು ಹೋದೆ. ಮೊಣಕೈ ಊರಿ ನಂದಿ ಸ್ಟೇಷನ್ ಅಪ್ಪಚ್ಚಿಯಾಯಿತು. ಎರಡು ತಿಂಗಳ ಕೆಲಸ ಅದು. ತೆಳು ರಟ್ಟಿನ ಡಬ್ಬದ ಮೇಲಿನ ಕಾಗದ ಒದ್ದೆ ಮಾಡಿ ಸುಲಿದರೆ ಒಳಗಿನ ಏರಿಳಿತದ ಪದರ ಸಿಗುತ್ತದೆ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಾವಿ ಬಳಿದು, ಒಂದರ ಮೇಲೊಂದು ಅಂಟಿಸಿ ಆ ಸ್ಟೇಷನ್ನಿಗೆ ಹೆಂಚು ಹೊದಿಸಿದ್ದೆ.

ಬೆಟ್ಟವೇ ಬೇಕಿರಲಿಲ್ಲ. ಅದರ ಎತ್ತರ 1,478 ಮೀಟರ್, ನಮ್ಮೂರು ಸುಮಾರು 900. ಮಿಕ್ಕಿದ್ದನ್ನು ಎಚ್‌ಓ ಲೆಕ್ಕದಲ್ಲಿ 87ರಿಂದ ಭಾಗಿಸಿ ನೋಡಿ, 6 ಮೀಟರಿಗೂ ಜಾಸ್ತಿ. ಯಾವ ರೂಮಿಗೂ ಹಿಡಿಸಲ್ಲ. ನಿಜವಾದ ಲೈನಾದರೂ ಬೆಟ್ಟದ ಹಿಂದೆ ಹೋಗುತ್ತಾ? ಬಯಲಲ್ಲಿ ಹೋಗುತ್ತದೆ, ಬೆಟ್ಟ ದೂರದಲ್ಲಿ ನೀಲಿಯಾಗಿ ಕಾಣುತ್ತದೆ. ಅದನ್ನು ಗೋಡೆ ಮೇಲೆ ಬಣ್ಣದಲ್ಲಿ ಬರೆಯಬೇಕು, ಅಷ್ಟೇ.

ಹಾಗಾಗಿ ಇಡೀ ಲೈನ್ ಮಾಡಲು ಹೋಗಬೇಡಿ. ಎಚ್‌ಓದಲ್ಲಿ ಒಂದು ಕಿಲೋಮೀಟರಿಗೇ 11.5 ಮೀಟರ್ ಜಾಗ ಬೇಕು. ಎಲ್ಲಾ ಸ್ಟೇಷನ್ ತುರುಕಿದರೆ ಒಂದೂ ನಮ್ಮ ಸ್ಟೇಷನ್ ಥರ ಕಾಣಲ್ಲ. ಒಂದೇ ಸ್ಟೇಷನ್ ಮಾಡಿ. ನಂದಿಯನ್ನೇ ಮಾಡಿ ಅಂತೀನಿ. ಅದು ಇರೋದು ಕೋಲಾರದ ಕಡೆಗಲ್ಲ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಕಡೆಗೆ, ಆದರೂ 1915ರ ಹಳೇ ಕಟ್ಟಡ ಇನ್ನೂ ಇದೆ, ಹೋಗಿ ಅಳೆದುಕೊಂಡು ಬರಬಹುದು.

ಕಾಲವೂ ಹಳೇದೇ ಇರಲಿ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಬ್ರಾಡ್‌ಗೇಜ್ (ಅಗಲ ಹಳಿ) ಬಂದಿದ್ದು 2013ರಲ್ಲಿ. ಆ ಹಳಿಯ ಅಗಲ 1,676 ಮಿ.ಮೀ., ಎಚ್‌ಓದಲ್ಲಿ 19.3 ಬರಬೇಕು, ಅಂಗಡಿಯಲ್ಲಿ ಸಿಗೋದು 16.5. ಕಣ್ಣಿಗೆ ಸದಾ ಕಿರಿದಾಗೇ ಕಾಣುತ್ತದೆ. ಹಳೇ ನ್ಯಾರೋಗೇಜ್ 762 ಮಿ.ಮೀ., 87ರಿಂದ ಭಾಗಿಸಿದರೆ 8.76. ಎನ್ ಸ್ಕೇಲಿನ ಹಳಿ 9 ಮಿ.ಮೀ.! ಎನ್ ಎಂಜಿನ್ನಿನ ಚಾಸಿಸ್ (ಚಕ್ರ, ಮೋಟರಿರುವ ತಳಭಾಗ) ಮೇಲೆ ಎಚ್‌ಓ ಅಳತೆಯ ಬಾಡಿ ಕೂರಿಸಿದರೆ ನಮ್ಮ ಸಣ್ಣ ಗಾಡಿ ತಯಾರು. ಎನ್ನಾ ಎಚ್‌ಓನಾ ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಎರಡೂ.

ಮಾಡೆಲ್‌ನ ನೆಲಕ್ಕೆ ಹಾಕುವ ಮಣ್ಣನ್ನು ಮಾತ್ರ ಕೊಳ್ಳಬೇಡಿ. ನಮ್ಮ ಕೆಂಪು ಮಣ್ಣನ್ನೇ ಒಣಗಿಸಿ, ಹಳೇ ವೇಲ್‌ನಲ್ಲಿ ಜರಡಿ ಹಿಡಿಯಿರಿ. ಅಯಸ್ಕಾಂತ ಆಡಿಸಿ ಕಬ್ಬಿಣದ ಕಣ ತೆಗೆಯಿರಿ, ಇಲ್ಲದಿದ್ದರೆ ಎಂಜಿನ್ ಮೋಟರಿಗೆ ಅಂಟಿಕೊಳ್ಳುತ್ತದೆ.

ಆ ಶೀಟನ್ನೇ ಉದ್ದಕ್ಕೆ ಸೀಳಿಸಿ, ಎರಡಡಿ ಅಗಲದ ಒಂದು ಪಟ್ಟಿಯನ್ನು ಅಪ್ಪ ಕುರ್ಚಿಯಲ್ಲಿ ಕೂತಾಗಿನ ಕಣ್ಣಿನ ಎತ್ತರಕ್ಕೆ ಇಟ್ಟಿದ್ದೇನೆ. ಗಾಡಿ ಒಂದು ತುದಿಯಿಂದ ಬಂದು, ನಂದಿಯಲ್ಲಿ ನಿಂತು, ಇನ್ನೊಂದು ತುದಿಗೆ ಹೋಗುತ್ತದೆ. ಎಲ್ಲೂ ಮರೆಯಾಗಲ್ಲ.

ಪ್ಲೈವುಡ್ ತಂದಾಗಿದ್ದರೆ ಈ ವಾರವೇ ಸೀಳಿಸಿ. ಹಳಿ ಅಂಟಿಸಿದ ಮೇಲೆ ಕಷ್ಟ.