ಪ್ರತಿಕ್ರಿಯೆ: ಹಸಿ ಸೌದೆಗೆ ಟನ್ ಲೆಕ್ಕ ಬೇಡ

ಮಣಿಪಾಲದ ಮನೆಯ ಬಚ್ಚಲೊಲೆಗೆ ಕಾರ್ಕಳದಿಂದ ಸೌದೆ ತರಿಸಬೇಕು, ಟನ್ ಲೆಕ್ಕವೋ ಲೋಡ್ ಲೆಕ್ಕವೋ ಎಂದು ಕೇಳಿದ್ದೀರಿ. ಹಸಿ ಸೌದೆಯಾದರೆ ಟನ್ ಲೆಕ್ಕಕ್ಕೆ ಖಂಡಿತ ಒಪ್ಪಬೇಡಿ. ತೂಕದಲ್ಲಿ ಶೇಕಡಾ 40 ನೀರಿರುವ 1,000 ಕಿಲೋ ಸೌದೆ, ಒಣಗಿ ನೀರು ಶೇಕಡಾ 20ಕ್ಕೆ ಇಳಿದಾಗ 750 ಕಿಲೋ ಆಗುತ್ತದೆ. ಉಳಿದ 250 ಕಿಲೋ ಬರೀ ನೀರು. ಅದಕ್ಕೂ ದುಡ್ಡು, ಅದನ್ನು ಹೊತ್ತು ತಂದ ಟೆಂಪೋಗೂ ಬಾಡಿಗೆ! ಸುಮ್ನೆ ನಷ್ಟ ಅಲ್ವಾ?

ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎನ್ನುತ್ತದೆ. ಕಡಿದ ತುದಿಯಲ್ಲಿ ಬಿರುಕೂ ಕಾಣಬೇಕು.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ವಿಶೇಷ ದಿನ) ಹತ್ತಿರ ಬರುವವರೆಗೆ ಕಾಯಬೇಡಿ, ಆಮೇಲೆ ಒಣಗಿಸಲು ಬಿಸಿಲೇ ಸಿಗುವುದಿಲ್ಲ. ಇಳಿಸುವ ಕೂಲಿ ಯಾರದ್ದು ಎಂದೂ ಮೊದಲೇ ಮಾತಾಡಿ. ಟೆಂಪೋ ಅಂಗಳದವರೆಗೆ ಬರದಿದ್ದರೆ ಹೊರುವ ಖರ್ಚು ಬೇರೆ.